ಸತ್ಯಾಂಶ: ರಗ್ಬಿ ಲೀಗ್ ತಂಡವನ್ನು ಆರಿಸುವುದು ಸಿಇಒ ಅಲ್ಲ

ಮಂಜೇಶ್ವರ, ಕುಂಬಳೆ ಕಡೆಯ ಕಬಡ್ಡಿ ಗುಂಪುಗಳಲ್ಲಿ ಒಂದು ವಾಟ್ಸಾಪ್ ಸಂದೇಶ ಓಡಾಡುತ್ತಿದೆ: "ವಿದೇಶದ ರಗ್ಬಿ ಲೀಗ್ ಕ್ಲಬ್ಬುಗಳಲ್ಲಿ ಸಿಇಒ ಅಂದರೆ ಮಾಲೀಕ. ಯಾರು ಆಡಬೇಕೆಂದು ಹೇಳುವವನೂ ಅವನೇ, ಕೋಚ್ ಹೆಸರಿಗೆ ಮಾತ್ರ. ನಮ್ಮಲ್ಲೂ ಹಾಗೇ ಆಗಬೇಕು."

ಇದು ಸರಿಯಲ್ಲ. ರಗ್ಬಿ ಲೀಗ್ ಅಂದರೆ ತಂಡಕ್ಕೆ 13 ಮಂದಿಯಂತೆ ಆಡುವ ರಗ್ಬಿಯ ಒಂದು ಬಗೆ. ಅದರ ಕ್ಲಬ್ಬಿನ ಸಿಇಒ (ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ) ಸಂಬಳಕ್ಕೆ ದುಡಿಯುವ ಆಡಳಿತಗಾರ. ಅವರನ್ನು ನೇಮಿಸುವುದೂ ತೆಗೆಯುವುದೂ ಸಾಮಾನ್ಯವಾಗಿ ಕ್ಲಬ್ಬಿನ ಆಡಳಿತ ಮಂಡಳಿ. ಅಂಗಳಕ್ಕಿಳಿಯುವ 13 ಮಂದಿ ಯಾರೆಂದು ನಿರ್ಧರಿಸುವುದು ಮುಖ್ಯ ಕೋಚ್.

ಹಾಗಾದರೆ ಸಿಇಒಗೆ ಕೆಲಸವೇನು? ನಮ್ಮೂರ ಕ್ಲಬ್ಬಿನ ಕಾರ್ಯದರ್ಶಿಯನ್ನು ನೆನಪಿಸಿಕೊಳ್ಳಿ: ಕಂಕುಳಲ್ಲಿ ರಶೀದಿ ಪುಸ್ತಕ, ಕಿವಿಗೆ ಫೋನು, ತಲೆಯಲ್ಲಿ ಮ್ಯಾಟಿನ ಬಾಡಿಗೆ, ಲೈಟಿನವರ ಬಾಕಿ. ಅದೇ ಹೊಣೆ ಅಲ್ಲಿ ಬಹಳ ದೊಡ್ಡದು. ಪ್ರಾಯೋಜಕರು, ಟಿಕೆಟ್, ಸಿಬ್ಬಂದಿ, ಕ್ರೀಡಾಂಗಣ, ಲೀಗ್ ಜತೆಗಿನ ವ್ಯವಹಾರ ಎಲ್ಲವೂ ಅವರ ಮೇಜಿಗೇ ಬರುತ್ತವೆ.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಸಂಬಳದ ಮಿತಿ. ಆಸ್ಟ್ರೇಲಿಯಾದ ಪ್ರಮುಖ ರಗ್ಬಿ ಲೀಗ್ ಪಂದ್ಯಾವಳಿಯಾದ ಎನ್‌ಆರ್‌ಎಲ್‌ನಲ್ಲಿ ಒಂದು ಕ್ಲಬ್ ತನ್ನ ಆಟಗಾರರಿಗೆ ಒಟ್ಟು ಎಷ್ಟು ಕೊಡಬಹುದೆಂಬುದಕ್ಕೆ ಗಡಿಯಿದೆ. ಮೆಲ್ಬರ್ನ್ ಸ್ಟಾರ್ಮ್ ಎಂಬ ಕ್ಲಬ್ ಅದನ್ನು ಮೀರಿ, ಹೆಚ್ಚುವರಿ ಪಾವತಿಗಳನ್ನು ಮುಚ್ಚಿಟ್ಟದ್ದು 2010ರಲ್ಲಿ ಬಯಲಾಯಿತು. 2007 ಮತ್ತು 2009ರ ಪ್ರಶಸ್ತಿಗಳು ಕೈತಪ್ಪಿದವು. 2010ರ ಉಳಿದ ಪಂದ್ಯಗಳನ್ನು ಗೆದ್ದರೂ ಅಂಕ ಸಿಗಲಿಲ್ಲ. ಬೆವರು ಅಂಗಳದಲ್ಲಿ ಹರಿದಿತ್ತು, ತಪ್ಪು ಲೆಕ್ಕಪತ್ರದಲ್ಲಿತ್ತು. ಓದುವಾಗ ಸಂಕಟವಾಗುತ್ತದೆ.

ಸಂದೇಶದಲ್ಲಿ ಒಂದೆಳೆ ನಿಜವೂ ಇದೆ. ಕೋಚ್ ನೇಮಕದಲ್ಲಿ, ದೊಡ್ಡ ಒಪ್ಪಂದಗಳಲ್ಲಿ ಸಿಇಒ ಮಾತಿಗೆ ತೂಕವಿದೆ. ಇಂಥ ಆಟಗಾರ ಬೇಕೆಂದು ಕೋಚ್ ಕೇಳಬಹುದು. ಹಣ ಹೊಂದುತ್ತದೆಯೇ ಎಂದು ನೋಡಬೇಕಾದವರು ಸಿಇಒ.