ಕಾರ್ಬುರೇಟರ್ ಬಿಚ್ಚುವ ಮುಂಚೆ ಸ್ಪಾರ್ಕ್ ನೋಡಿ

ಹಳೇ ಕಾರಿನ ರಿಪೇರಿ ಬಗ್ಗೆ ನೀವು ಬರೆದ ಲೇಖನ ಓದಿದೆ, ಹಳೇ ಕಾರು ಕೊಂಡ ಹೊಸಬರಿಗೆ ತುಂಬಾ ಉಪಯೋಗಕ್ಕೆ ಬರುತ್ತದೆ. ಆದರೆ ಬಿಸಿಯಾದ ಮೇಲೆ ಗಾಡಿ ನಿಂತರೆ ಮೊದಲು ಕಾರ್ಬುರೇಟರ್ (ಪೆಟ್ರೋಲ್‌ಗೆ ಗಾಳಿ ಬೆರೆಸುವ ಭಾಗ) ಬಿಚ್ಚಿ ಅಂದಿದ್ದೀರಲ್ಲ, ಅದನ್ನು ಮಾತ್ರ ಒಪ್ಪಲಾರೆ. ಮೊದಲು ಸ್ಪಾರ್ಕ್, ಅಂದರೆ ಇಂಜಿನ್ ಒಳಗೆ ಪೆಟ್ರೋಲ್ ಹೊತ್ತಿಸುವ ಕಿಡಿ, ನೋಡಬೇಕು. ಅದೂ ಇಂಜಿನ್ ಬಿಸಿ ಇರುವಾಗಲೇ. ತಣ್ಣಗಾದರೆ ಎಷ್ಟೋ ಸಲ ತೊಂದರೆ ಕಾಣಿಸುವುದೇ ಇಲ್ಲ. ಕಿಡಿ ನೀಲಿಯಾಗಿ ಚಟಪಟ ಅಂತ ಬಂದರೆ ಸರಿ. ಹಳದಿಯಾಗಿ, ಸಪ್ಪೆಯಾಗಿ ಇದ್ದರೆ ಕಂಡೆನ್ಸರ್ (ಪಾಯಿಂಟ್ ಸುಡದಂತೆ ಕಾಯುವ ಬಿಡಿಭಾಗ) ಅಥವಾ ಕಾಯಿಲ್ (ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಕೊಡುವ ಭಾಗ) ಮೇಲೆ ಅನುಮಾನ ಪಡಿ. ಡಿಸ್ಟ್ರಿಬ್ಯೂಟರ್ (ಪ್ರತಿ ಸ್ಪಾರ್ಕ್ ಪ್ಲಗ್‌ಗೂ ಸರದಿಯಂತೆ ಕರೆಂಟ್ ಹಂಚುವ ಭಾಗ) ಮುಚ್ಚಳ ತೆಗೆದು ಪಾಯಿಂಟ್, ಅಂದರೆ ಕಾಯಿಲ್‌ನ ಕರೆಂಟ್ ಕೂಡಿಸಿ ಕಡಿಯುವ ಎರಡು ಲೋಹದ ತುದಿಗಳನ್ನು, ನೋಡಿ. ಒಂದು ಕಡೆ ಗುಳಿ ಬಿದ್ದು, ಎದುರು ಕಡೆ ಸಣ್ಣ ಮೊನೆ ಎದ್ದಿದೆಯಾ? ಹಾಗಾದರೆ ಕಂಡೆನ್ಸರ್ ಬದಲಿಸಿ ನೋಡಿ. ಪಾಯಿಂಟ್ ಗ್ಯಾಪ್ ಬಹಳಷ್ಟು ಗಾಡಿಗಳಲ್ಲಿ 0.4 ಮಿ.ಮೀ. ಆಸುಪಾಸು ಇರುತ್ತದೆ, ಆದರೆ ನಿಮ್ಮ ಗಾಡಿಯ ಮ್ಯಾನ್ಯುಯಲ್ ಹೇಳಿದ್ದನ್ನೇ ನಂಬಿ.

ಇನ್ನೂ ಕೊಳ್ಳದವರಿಗೆ ಒಂದು ಮಾತು. ಇಂಜಿನ್ ಹೇಗೋ ರಿಪೇರಿ ಆಗುತ್ತದೆ, ತುಕ್ಕು ತಿಂದ ಚಾಸಿ (ಗಾಡಿಯ ಅಡಿಯ ಚೌಕಟ್ಟು) ಜೇಬು ಖಾಲಿ ಮಾಡುತ್ತದೆ. ಹೊಸ ಪೇಂಟ್ ನೋಡಿ ಸುಮ್ನೆ ಮರುಳಾಗಬೇಡಿ. ಉಕ್ಕಿನ ಬಾಡಿ ಆದರೆ ಬಾಗಿಲ ಕೆಳಗೆ, ಚಕ್ರದ ಸುತ್ತ ಅಯಸ್ಕಾಂತ ಹಿಡಿದು ನೋಡಿ. ಅಂಟದ ಕಡೆ ಬಣ್ಣದ ಅಡಿಯಲ್ಲಿ ಪುಟ್ಟಿ ಇರುವುದೇ ಜಾಸ್ತಿ. ವರ್ಷಗಟ್ಟಲೆ ನಿಂತಿದ್ದ ಗಾಡಿಯಾದರೆ ಪೆಟ್ರೋಲ್ ಟ್ಯಾಂಕ್ ತೊಳೆಸಿ, ಬ್ರೇಕ್ ಹೋಸ್ ಬದಲಿಸಿ, ಆಮೇಲೆ ರಸ್ತೆಗೆ ಇಳಿಸಿ.