ಕಜ್ಜಿ ನಾಯಿಗೆ ಗುಂಡು ಹೊಡೆದ ಕೈ ಯಾರದು?

ಗೋವಾಕ್ಕೆ ಹೋಗಿ ಬಂದ ಗೆಳೆಯನೊಬ್ಬ ಪಣಜಿಯ ಹಳದಿ, ನೀಲಿ ಮನೆಗಳ ಫೋಟೊ ಹಾಕಿದ್ದ. ಕೆಳಗೆ ಒಂದು ಸಾಲು: "ಏನೇ ಹೇಳು ಮಾರಾಯ, ಪೋರ್ಚುಗೀಸರು ಬ್ರಿಟಿಷರ ಹಾಗಲ್ಲ, ಜನರ ಜೊತೆ ಬೆರೆತವರು." ಕಮೆಂಟಿನಲ್ಲಿ ಜಗಳ ಯಾಕೆ ಅಂತ ಒಂದು ಲೈಕ್ ಒತ್ತಿ ಸುಮ್ಮನಾದೆ. ಆ ಲೈಕ್ ಈಗಲೂ ಚುಚ್ಚುತ್ತಿದೆ.

ಯಾಕೆಂದರೆ ಅದು ಅವನ ಸ್ವಂತ ಮಾತಲ್ಲ. ಪೋರ್ಚುಗಲ್‌ನ ಸರ್ವಾಧಿಕಾರಿ ಸಲಜಾರ್‌ನ ಸರ್ಕಾರ ಊರೆಲ್ಲ ಸಾರಿಕೊಂಡು ತಿರುಗಿದ ಮಾತು. 1951ರಲ್ಲಿ ಅವರು ವಸಾಹತು ಎಂಬ ಪದವನ್ನೇ ಕಿತ್ತುಹಾಕಿದರು. ಆಫ್ರಿಕಾದ ಅಂಗೋಲಾ, ಮೊಜಾಂಬಿಕ್, ನಮ್ಮ ಪಕ್ಕದ ಗೋವಾ ಎಲ್ಲವೂ ಪೋರ್ಚುಗಲ್‌ನ 'ಸಾಗರದಾಚೆಯ ಪ್ರಾಂತ್ಯಗಳು' ಆದವು. ಬೋರ್ಡು ಬದಲಾಯಿತು, ಅಷ್ಟೇ. ಮೊಜಾಂಬಿಕ್‌ನ ಹಳ್ಳಿಯವನು 1961ರವರೆಗೂ ಕಾನೂನಿನ ಲೆಕ್ಕದಲ್ಲಿ ನಾಗರಿಕನೇ ಅಲ್ಲ. ಅವನನ್ನು ಎಳೆದೊಯ್ದು ತೋಟಕ್ಕೋ ರಸ್ತೆ ಕೆಲಸಕ್ಕೋ ಹಚ್ಚಬಹುದಿತ್ತು. ನಮ್ಮ ಬಿಟ್ಟಿ ಚಾಕರಿ ಇದ್ದ ಹಾಗೆ. ಅಲ್ಲಿ ಅದಕ್ಕೆ ಶಿಬಾಲೊ ಅನ್ನುತ್ತಿದ್ದರು.

ಇದನ್ನೆಲ್ಲ ಗೆಳೆಯನಿಗೆ ಹೇಳಿದರೆ ಆಕಳಿಸುತ್ತಾನೆ. ಅದಕ್ಕೇ ಅವನ ಕೈಗೆ ಲೂಯಿಸ್ ಬರ್ನಾರ್ಡೊ ಹೊನ್ವಾನ ಅವರ ಕಥೆಗಳನ್ನು ಕೊಡಬೇಕು ಅಂತಿದ್ದೇನೆ. ಮೊಜಾಂಬಿಕ್‌ನ ಈ ಲೇಖಕರ ಏಕೈಕ ಕಥಾಸಂಕಲನ ಬಂದದ್ದು 1964ರಲ್ಲಿ. ಆಗ ವಯಸ್ಸು 22ರ ಆಸುಪಾಸು. ಅದೇ ವರ್ಷ ಪೊಲೀಸರು ಹಿಡಿದೊಯ್ದರು. ಮೂರು ವರ್ಷ ಜೈಲು. ಇಂಗ್ಲಿಷಿನಲ್ಲಿ 'ವಿ ಕಿಲ್ಡ್ ಮ್ಯಾಂಜಿ ಡಾಗ್' ಅಂತ ಸಿಗುತ್ತದೆ, ಅಂದರೆ 'ಕಜ್ಜಿ ನಾಯಿಯನ್ನು ಕೊಂದೆವು'.

ಅದೇ ಹೆಸರಿನ ಕಥೆಯಲ್ಲಿ ಆ ಕಜ್ಜಿ ನಾಯಿಗೆ ನೀಲಿ ಕಣ್ಣು. ಸದಾ ನೀರು ತುಂಬಿರುತ್ತದೆ. ಊರಿನ ಆಡಳಿತಾಧಿಕಾರಿಗೆ ಅದನ್ನು ಕಂಡರೆ ಆಗುವುದಿಲ್ಲ. ಕೊಲ್ಲಲು ಹೇಳುತ್ತಾನೆ. ಆದರೆ ಅವನು ಬಂದೂಕು ಮುಟ್ಟುವುದಿಲ್ಲ. ಮಾತು ಪಶುವೈದ್ಯ ಇಲಾಖೆಗೆ ಹೋಗುತ್ತದೆ. ಅಲ್ಲಿಯವನೂ ಮಾಡುವುದಿಲ್ಲ. ಶಾಲೆಯ ಹುಡುಗರನ್ನು ಕರೆದು, ಬೇಟೆ ಆಡೋಣ ಅನ್ನುವ ಹಾಗೆ ಪುಸಲಾಯಿಸುತ್ತಾನೆ. ಹುಡುಗರ ಗುಂಪಿನಲ್ಲಿ ಹಗ್ಗ ಹಿಡಿದು ನಾಯಿಯನ್ನು ಎಳೆದೊಯ್ಯುವ ಕೆಲಸ ಬರುವುದು ಕಪ್ಪು ಹುಡುಗ ಜಿನ್ಯೊಗೆ. ಬೇಡ ಅಂದರೆ ಹೇಡಿ ಅನ್ನಿಸಿಕೊಳ್ಳಬೇಕು. ಅವನಿಗೆ ಆ ನಾಯಿ ಕಂಡರೆ ಪಾಪ ಅನ್ನಿಸುತ್ತದೆ, ಆದರೂ ಹಗ್ಗ ಬಿಡಲಾರ. ಆಳ್ವಿಕೆ ಹೇಗೆ ನಡೆಯಿತು ಅಂತ ಕೇಳಿದರೆ ನಾನು ಈ ಕಥೆ ತೋರಿಸುತ್ತೇನೆ. ಆಜ್ಞೆ ಮೇಲಿನವನದು, ರಕ್ತ ಮೆತ್ತಿಕೊಳ್ಳುವ ಕೈ ಕಟ್ಟಕಡೆಯವನದು. ಇಡೀ ಕಥೆಯಲ್ಲಿ ಭಾಷಣ ಎಂಬುದಿಲ್ಲ!

ಕೈಯ ವಿಷಯಕ್ಕೇ ಅವರದು ಇನ್ನೊಂದು ಪುಟ್ಟ ಕಥೆ ಇದೆ. ಎರಡು ಮೂರು ಪುಟ ಇದ್ದೀತು. ಕಪ್ಪು ಜನರ ಅಂಗೈ ಮಾತ್ರ ಯಾಕೆ ಬೆಳ್ಳಗೆ ಅಂತ ಹುಡುಗ ಎಲ್ಲರನ್ನೂ ಕೇಳುತ್ತಾನೆ. ಅವರ ಅಜ್ಜಂದಿರು ಪ್ರಾಣಿಗಳ ಹಾಗೆ ನಾಲ್ಕು ಕಾಲಲ್ಲಿ ನಡೀತಿದ್ದರು, ಅಂಗೈಗೆ ಬಿಸಿಲು ತಾಗಲಿಲ್ಲ ಅಂತಾರೆ ಮೇಷ್ಟ್ರು. ಕದ್ದು ಕೈಮುಗಿದು ಪ್ರಾರ್ಥನೆ ಮಾಡ್ತಾರಲ್ಲ, ಅದಕ್ಕೆ ಅಂತಾರೆ ಪಾದ್ರಿ. ಯಜಮಾನರಿಗೆ ಮಾಡುವ ಅಡುಗೆ ಕೊಳೆಯಾಗದಿರಲಿ ಅಂತ ದೇವರೇ ಹಾಗೆ ಮಾಡಿದ ಅನ್ನುವವಳು ಇನ್ನೊಬ್ಬಳು. ಕೊನೆಗೆ ಅಮ್ಮ ಹೇಳುತ್ತಾಳೆ: ಮನುಷ್ಯರು ಮಾಡುವುದೆಲ್ಲ ಒಂದೇ ಥರದ ಕೈಗಳ ಕೆಲಸ ಅಂತ ತೋರಿಸಲು. ಹೇಳಿ ಮಗನ ಕೈಗೆ ಮುತ್ತಿಡುತ್ತಾಳೆ, ಬಿಕ್ಕಿ ಬಿಕ್ಕಿ ಅಳುತ್ತಾಳೆ. ಯಾರೂ ಹೊಡೆಯದೆ ಇಷ್ಟು ಅಳುವವರನ್ನು ನೋಡೇ ಇಲ್ಲವಲ್ಲ ಅಂದುಕೊಳ್ಳುತ್ತಾ ಹುಡುಗ ಚೆಂಡಾಟಕ್ಕೆ ಓಡುತ್ತಾನೆ. ಅಲ್ಲಿಗೆ ಮುಗಿಯಿತು. ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಅಂಗೋಲಾದ ಕಥೆಗಾರ ಲುವಾಂಡಿನೊ ವಿಯೆಯ್ರಾ ಬೇರೆ ದಾರಿಯವರು. ಹುಟ್ಟಿದ್ದು ಪೋರ್ಚುಗಲ್‌ನಲ್ಲಿ, ಬೆಳೆದದ್ದು ಅಂಗೋಲಾದ ರಾಜಧಾನಿ ಲುವಾಂಡಾದ ಕೇರಿಗಳಲ್ಲಿ. ಅವರ ಒಂದು ಕಥೆಯಲ್ಲಿ ಜಗಳ ಒಂದು ಮೊಟ್ಟೆಗಾಗಿ. ಕೋಳಿ ಝೆಫಾಳದು, ಮೊಟ್ಟೆ ಇಟ್ಟದ್ದು ಪಕ್ಕದ ಮನೆಯ ಬೀನಾಳ ಅಂಗಳದಲ್ಲಿ. ಬೀನಾ ಬಸುರಿ, ಗಂಡ ಜೈಲಿನಲ್ಲಿ. ಪಂಚಾಯ್ತಿಗೆ ಬಂದ ಅಂಗಡಿಯವನು, ಕೋಳಿ ತಿಂದ ಜೋಳದ ಸಾಲ ತೀರಿಲ್ಲ, ಮೊಟ್ಟೆ ನನ್ನದು ಅಂತಾನೆ. ಮನೆ ಮಾಲೀಕ, ಜಾಗ ನನ್ನದು ಅಂತಾನೆ. ಪೊಲೀಸರಿಗೆ ಕೋಳಿಯೇ ಬೇಕು. ಕೊನೆಗೆ ಇಬ್ಬರು ಪೋರರು ಹುಂಜದ ಹಾಗೆ ಕೂಗಿ ಅವರ ಕೈಯಿಂದ ಕೋಳಿಯನ್ನು ಹಾರಿಸುತ್ತಾರೆ. ನಕ್ಕು ನಕ್ಕು ಸಾಕಾಯಿತು. ಇಂಥ ಕಥೆಗಳಿಗೆ 1965ರಲ್ಲಿ ಲಿಸ್ಬನ್‌ನ ಲೇಖಕರ ಸಂಘ ಬಹುಮಾನ ಕೊಟ್ಟಾಗ ಅವರು ಕೇಪ್ ವರ್ಡಿಯ ತರಾಫಾಲ್ ಜೈಲಿನಲ್ಲಿದ್ದರು. ಸರ್ಕಾರ ಸಂಘವನ್ನೇ ಮುಚ್ಚಿಸಿತು. ಬೆರೆತವರು, ಅಲ್ವಾ?

ಮೊಜಾಂಬಿಕ್‌ನ ಇನ್ನೊಬ್ಬ ಲೇಖಕ ಮಿಯಾ ಕೌಟೊ ನನಗೆ ಅಷ್ಟು ಹಿಡಿಸುವುದಿಲ್ಲ. ಮಾತಿನ ಚಮತ್ಕಾರ ಜಾಸ್ತಿ. ಬೈಯುವವರು ಬೈಯಲಿ. ಆದರೆ 1992ರ ಅವರ ಮೊದಲ ಕಾದಂಬರಿಯಲ್ಲಿ ಸುರೇಂದ್ರ ವಾಲಾ ಎಂಬ ಭಾರತ ಮೂಲದ ಅಂಗಡಿಯವನಿದ್ದಾನೆ. ನಮ್ಮಿಬ್ಬರದೂ ಒಂದೇ ಕುಲ, ಹಿಂದೂ ಮಹಾಸಾಗರದ ಕುಲ ಅಂತ ಕಪ್ಪು ಹುಡುಗನಿಗೆ ಹೇಳುತ್ತಾನೆ. ಓದಲು ಚೆಂದ. ನನಗೆ ಮಾತ್ರ ಕಸಿವಿಸಿ. 1752ರವರೆಗೆ ಮೊಜಾಂಬಿಕ್ ಆಡಳಿತ ನಡೆದದ್ದೇ ಗೋವಾದಿಂದ. ಆಮೇಲೂ ಅಲ್ಲಿನ ಕಚೇರಿಗಳಲ್ಲಿ ಗೋವಾದ ಗುಮಾಸ್ತರಿದ್ದರು. ಹಗ್ಗ ಹಿಡಿದ ಕೈಗಳಲ್ಲಿ ನಮ್ಮ ಕರಾವಳಿಯ ಕೈಗಳೂ ಇದ್ದವು. ಜಿನ್ಯೊಗೆ ಬೇಡ ಅನ್ನಲು ಆಗಲಿಲ್ಲ. ಇವರಿಗೆ ಆಗುತ್ತಿತ್ತೋ ಏನೋ.

ಗೋವಾದಿಂದ ಮೊಜಾಂಬಿಕ್‌ಗೆ ಹೋದ ಹಡಗುಗಳು ವಾಪಸ್ ಬರುವಾಗ ಆಫ್ರಿಕಾದ ಜನರನ್ನು ಗುಲಾಮರನ್ನಾಗಿ ಗೋವಾಕ್ಕೆ ತಂದವು. ತಪ್ಪಿಸಿಕೊಂಡ ಎಷ್ಟೋ ಜನ ಘಟ್ಟದ ಕಾಡು ಸೇರಿದರು. ಹಳಿಯಾಳ, ಯಲ್ಲಾಪುರದ ನಮ್ಮ ಸಿದ್ದಿ ಜನರಲ್ಲಿ ಅನೇಕರ ಹಿರಿಯರು ಅವರೇ.

ನನ್ನ ಗೆಳೆಯ ಗೋವಾದಿಂದ ಮರಳಿದ್ದು ಯಲ್ಲಾಪುರದ ಮೇಲೇ. ಅಲ್ಲಿ ಚಾ ಕುಡಿಯಲು ಕಾರು ನಿಲ್ಲಿಸಿದ್ದನಂತೆ. ಆ ಫೋಟೊ ಹಾಕಿಲ್ಲ.