ಬಿಚ್ಚಲು ಬಾರದ ಸೆನ್ಸರ್‌ಗೆ ಕೊಡಗಿನ ಮಳೆ ಹೊಣೆಯೇ?

ಕಾರಿನಲ್ಲಿ ಏನು ಕೆಟ್ಟರೂ ಅದನ್ನು ಕೊಡಗಿನ ಮಳೆಯ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವ ಸರ್ವಿಸ್ ಸೆಂಟರ್‌ಗಳ ಚಾಳಿ ನನಗೆ ಸಾಕುಸಾಕಾಗಿದೆ. ಕಚ್ಚಿಕೊಂಡ ಒಂದು ಆಕ್ಸಿಜನ್ ಸೆನ್ಸರನ್ನು ಬಿಚ್ಚಲಾಗದೆ, ಹೊಗೆಯ ವಿಷವನ್ನು ತಗ್ಗಿಸುವ ಕನ್ವರ್ಟರ್ ಸಮೇತ, ಎಂಜಿನ್ನಿನ ಹೊಗೆಯನ್ನು ಹೊರಗೊಯ್ಯುವ ಇಡೀ ಎಕ್ಸಾಸ್ಟ್ ಮ್ಯಾನಿಫೋಲ್ಡನ್ನೇ ಬದಲಾಯಿಸಬೇಕೆಂದು ಮೈಸೂರಿನ ಅಧಿಕೃತ ಸರ್ವಿಸ್ ಸೆಂಟರೊಂದು ನನ್ನ ಕೈಗೆ ಖರ್ಚಿನ ಅಂದಾಜು ಪಟ್ಟಿ ಕೊಟ್ಟಿತು. ಜೊತೆಗೆ ಅಲ್ಲಿನ ಅಡ್ವೈಸರ್ ಆಡಿದ ಮಾತು ಇದು: “ಸರ್, ನಿಮ್ಮ ಕೊಡಗಲ್ಲಿ ಮಳೆ ಜಾಸ್ತಿ ಅಲ್ವಾ, ತುಕ್ಕು ಹಿಡಿದೇ ಹಿಡಿಯುತ್ತೆ. ನಾವೇನ್ ಮಾಡೋಕಾಗುತ್ತೆ?”

ಮಾಡಬಹುದಾದದ್ದು ಬೇಕಾದಷ್ಟಿತ್ತು. ಮೀಟರಿನಲ್ಲಿ ಹಳದಿ ಎಂಜಿನ್ ದೀಪ ಹೊತ್ತಿಕೊಂಡಿತ್ತು, ಕನ್ವರ್ಟರಿಗಿಂತ ಮುಂಚೆ ಇರುವ ಆ ಸೆನ್ಸರಿನ ಹೀಟರ್ ಸತ್ತಿದೆ ಎಂದು ಸ್ಕ್ಯಾನರ್ ತೋರಿಸಿತ್ತು. ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುವ ಈ ಸೆನ್ಸರ್ ಸುಮಾರು 300 ಡಿಗ್ರಿ ಸೆಲ್ಸಿಯಸ್ ಬಿಸಿಯಾದ ಮೇಲಷ್ಟೇ ಸರಿಯಾಗಿ ಕೆಲಸ ಮಾಡುತ್ತದೆ, ಅದಕ್ಕಾಗಿಯೇ ಅದರೊಳಗೆ ಹೀಟರ್ ಇರುತ್ತದೆ. ಅದು ಕೆಟ್ಟರೆ ಪೆಟ್ರೋಲಿನ ಲೆಕ್ಕ ತಪ್ಪಿ ಮೈಲೇಜ್ ಇಳಿಯುತ್ತದೆ, ಹಾಗೆಯೇ ಓಡಿಸಿದರೆ ಕ್ರಮೇಣ ಕನ್ವರ್ಟರಿಗೂ ಪೆಟ್ಟು. ಸೆನ್ಸರ್ ಬದಲಾಯಿಸಬೇಕೆಂಬುದರಲ್ಲಿ ನನ್ನ ತಕರಾರು ಏನೂ ಇಲ್ಲ.

ಆದರೆ ಅದನ್ನು ಬಿಚ್ಚಲು ಹೊರಟ ರೀತಿಯನ್ನು ನೋಡಬೇಕಿತ್ತು. ತಣ್ಣಗಿದ್ದ ಎಂಜಿನ್ನಿಗೆ, ಒಂದು ತೊಟ್ಟು ಎಣ್ಣೆಯನ್ನೂ ಬಿಡದೆ, ಬಾಯಿ ತೆರೆದ ಸ್ಪ್ಯಾನರ್ ಹಾಕಿ ಹುಡುಗನೊಬ್ಬ ಇಡೀ ಮೈಭಾರ ಬಿಟ್ಟು ಎಳೆದ. ಸೆನ್ಸರಿನ 22 ಎಂಎಂ ಷಡ್ಭುಜದ ಮೂಲೆಗಳು ಸವೆದು ದುಂಡಗಾದವು. ಆಮೇಲೆ ನೆನಪಾದದ್ದು ವೈರ್ ಹಾದುಹೋಗಲು ಪಕ್ಕದಲ್ಲಿ ಸೀಳಿರುವ ಸೆನ್ಸರ್ ಸಾಕೆಟ್. ಸವೆದ ಮೂಲೆಗಳ ಮೇಲೆ ಅದು ಬಾಯಿ ಅಗಲಿಸಿಕೊಂಡು ಜಾರಿತು. ಅಲ್ಲಿಗೆ ಅವರ ವಿದ್ಯೆ ಮುಗಿಯಿತು. ಕನ್ವರ್ಟರಿನೊಳಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂನಂಥ ಲೋಹಗಳಿರುವುದರಿಂದ ಅದರ ಬೆಲೆ ಸೆನ್ಸರಿನ ಬೆಲೆಯ ಎಷ್ಟೋ ಪಟ್ಟು ಎಂಬುದು ಅವರಿಗೆ ತಿಳಿಯದ ಸಂಗತಿಯೇ?

ಇನ್ನು ಮಳೆಯ ವಿಷಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಮಳೆ ಸುರಿಯುತ್ತದೆ ಎಂಬುದು ಕಾರು ಮಾರುವಾಗ ಇವರಿಗೆ ಗೊತ್ತಿರಲಿಲ್ಲವೇ? ನಮ್ಮ ಎಸ್ಟೇಟುಗಳಲ್ಲಿ ಎಷ್ಟೋ ಹಳೆಯ ಜೀಪುಗಳು ಅದೇ ಕೆಸರಿನಲ್ಲಿ ಓಡುತ್ತಿವೆ, ಅವುಗಳ ನಟ್ಟು ಬೋಲ್ಟುಗಳನ್ನು ಸಣ್ಣ ಗ್ಯಾರೇಜುಗಳಲ್ಲಿ ಬಿಚ್ಚಿ ಹಾಕುತ್ತಲೂ ಇದ್ದಾರೆ. ಕಾದ ಪೈಪಿಗೆ ನೀರು ಸಿಡಿದರೆ ತುಕ್ಕು ಬರುತ್ತದೆ, ಒಪ್ಪುತ್ತೇನೆ. ಅದಕ್ಕೆಂದೇ ಥ್ರೆಡ್ಡಿಗೆ, ಅಂದರೆ ತಿರುಪಿನ ಸುತ್ತುಗಳಿಗೆ ಸವರುವ, ಕಚ್ಚಿಕೊಳ್ಳದಂತೆ ತಡೆಯುವ, ಭಾರೀ ಶಾಖಕ್ಕೂ ಬಾಳುವ ಪೇಸ್ಟ್ ಇದೆ. ಹೊಸ ಸೆನ್ಸರುಗಳಿಗೆ ಸಾಮಾನ್ಯವಾಗಿ ಅದನ್ನು ಹಚ್ಚಿಯೇ ಕಳಿಸುತ್ತಾರೆ. ನನ್ನ ಕಾರಿನಲ್ಲಿದ್ದ ಸೆನ್ಸರನ್ನಾದರೋ ವಾರಂಟಿಯ ಅವಧಿಯಲ್ಲಿ ಕೂರಿಸಿದವರು ಇದೇ ಸರ್ವಿಸ್ ಸೆಂಟರಿನವರು. ಈಗ ಹೊರಬಂದಿರುವ ಅದರ ಥ್ರೆಡ್ಡಿನಲ್ಲಿ ಪೇಸ್ಟಿನ ಕುರುಹೂ ಇಲ್ಲ, ಒಣಗಿದ ಕೆಂಪು ಪುಡಿ ಮಾತ್ರ ಇದೆ. ಬಹುತೇಕ ಕಾರುಗಳಲ್ಲಿ 40ರಿಂದ 50 ನ್ಯೂಟನ್ ಮೀಟರ್ ಬಿಗಿ ಸಾಕಾಗುವ ಕಡೆ ಇವರು ಬಿಗಿಯನ್ನು ಅಳೆದು ತಿರುಗಿಸುವ ಟಾರ್ಕ್ ರೆಂಚ್ ಮುಟ್ಟಿದ್ದರೆಂದು ನಂಬಲು ನನಗೆ ಯಾವ ಕಾರಣವೂ ಕಾಣುತ್ತಿಲ್ಲ.

ಆ ಸೆನ್ಸರ್ ಹೊರಬಂದದ್ದು ಗೋಣಿಕೊಪ್ಪಲಿನ ಒಂದು ಸಣ್ಣ ಗ್ಯಾರೇಜಿನಲ್ಲಿ. ಅಲ್ಲಿನ ಮೆಕ್ಯಾನಿಕ್ ಹಿಂದಿನ ಸಂಜೆಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿ ಬಿಟ್ಟರು. ಮರುದಿನ ಅದನ್ನು ಚೊಕ್ಕಟವಾಗಿ ಒರೆಸಿದರು, ಏಕೆಂದರೆ ಎಣ್ಣೆಯ ಮೇಲೆ ಬೆಂಕಿ ಹಿಡಿಯಬಾರದು. ಹೇಗೂ ಸತ್ತ ಸೆನ್ಸರ್ ಎಂದು ವೈರನ್ನು ಕತ್ತರಿಸಿ, ರಿಂಗ್ ಸ್ಪ್ಯಾನರನ್ನು ಸುತ್ತಿಗೆಯಿಂದ ಬಡಿದು ಬಿಗಿಯಾಗಿ ಕೂರಿಸಿದರು. ಬಳಿಕ ಗ್ಯಾಸ್ ಟಾರ್ಚಿನಿಂದ ಸೆನ್ಸರನ್ನಲ್ಲ, ಅದು ಕೂತಿದ್ದ ಬಳೆಯ ಸುತ್ತಲೂ ಕೆಂಪೇರುವವರೆಗೆ ಕಾಯಿಸಿದರು. ಹೊರಗಿನ ಲೋಹ ಮೊದಲು ಹಿಗ್ಗಿದರೆ ಹಿಡಿತ ಸಡಿಲವಾಗುತ್ತದೆ ಎಂಬ ಇಷ್ಟು ಸರಳ ವಿಷಯಕ್ಕೆ ಎಸಿ ಹಾಕಿದ ರಿಸೆಪ್ಷನ್ ಬೇಕಿಲ್ಲ. ಕಿರ್ರೆಂದು ಕಿವಿ ಕೊರೆಯುವ ಸದ್ದಿನೊಂದಿಗೆ ಕೂದಲೆಳೆಯಷ್ಟು ತಿರುಗಿತು. ಬಲವಂತ ಮಾಡದೆ ಹಿಂದೆ ತಿರುಗಿಸಿ, ಮತ್ತೆ ಕಾಯಿಸಿ, ಮುಂದೆ ತಿರುಗಿಸಿ, ಹೀಗೆಯೇ ಪೂರ್ತಿ ಬಿಚ್ಚಿದರು. ತಣಿದ ಮೇಲೆ 18 ಎಂಎಂ, 1.5 ಪಿಚ್‌ನ ಟ್ಯಾಪ್ ಎಂಬ ಥ್ರೆಡ್ ಕೊರೆಯುವ ಉಪಕರಣ ಹಾಕಿ ಥ್ರೆಡ್ ಶುಚಿ ಮಾಡಿ, ಹೊಸ ಸೆನ್ಸರನ್ನು ಮೊದಲು ಬರಿಗೈಯಲ್ಲೇ ತಿರುಗಿಸಿ ಕೂರಿಸಿದರು. ಮ್ಯಾನಿಫೋಲ್ಡಿಗೆ ಏನೂ ಆಗಿಲ್ಲ, ಎಂಜಿನ್ ದೀಪವೂ ಆರಿದೆ.

ಇಷ್ಟಾದರೂ ಮೈಸೂರಿನವರು ಮೂಲೆ ಸವೆಸಿದ್ದಕ್ಕೆ “ತಪಾಸಣಾ ಶುಲ್ಕ” ಎಂದು ನನ್ನಿಂದ ಹಣ ವಸೂಲು ಮಾಡಿದ್ದಾರೆ. ಆ ಹಣ ಹಿಂದಿರುಗಿಸಬೇಕೆಂದೂ, ವಾರಂಟಿಯಲ್ಲಿ ಸೆನ್ಸರ್ ಹಾಕಿದಾಗಿನ ಜಾಬ್ ಕಾರ್ಡಿನ ಪ್ರತಿ ಕೊಡಬೇಕೆಂದೂ ಲಿಖಿತವಾಗಿ ಕೇಳಿದ್ದೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರ ತಾನು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಅವರು ಸುಮ್ಮನಿದ್ದರೆ ನಾನು ಮಡಿಕೇರಿಯ ಗ್ರಾಹಕ ಆಯೋಗಕ್ಕೆ ಹೋಗುವವನೇ, ಆ ಹಳೆಯ ಸೆನ್ಸರನ್ನೂ ಕವರಿನಲ್ಲಿ ಹಾಕಿಟ್ಟುಕೊಂಡಿದ್ದೇನೆ.